ಚಿಲಕ ಕಳಚಿದ ಹೆಪ್ಪು

ಮಧ್ಯಾಹ್ನದ ಊಟ ಮುಗಿಸಿ ಹುಬ್ಬಳ್ಳಿ ಅಡ್ಡಾಗುವ ಹೊತ್ತಿನಲ್ಲಿ, ಸಮಪಾಕ ಕಂಪನಿಯ ನಿಗಾಕೋಣೆಯ ಗೋಡೆಯ ಮೇಲೆ ಒಂದು ಇಡೀ ಓಣಿ ಕೆಂಪಗಾಯಿತು.

ಗೋಡೆ ಎಂದರೆ ಗೋಡೆಯಲ್ಲ, ನೆಲದಿಂದ ಸೂರಿನವರೆಗೆ ಹರಡಿದ ಪರದೆ. ಅದರ ತುಂಬ ಊರಿನ ನಕಾಶೆ. ಊರಲ್ಲಿ ಸಕ್ಕರೆ ಕಾಯಿಲೆಯವರು ಎಷ್ಟೋ ಅಷ್ಟು ಚುಕ್ಕೆ. ತೋಳಿಗೆ ಅಂಟಿಸಿದ ಬಿಲ್ಲೆ ರಕ್ತದ ಸಕ್ಕರೆಯನ್ನು ಓದಿ ಓದಿ ಇಲ್ಲಿಗೆ ಕಳಿಸುತ್ತಿತ್ತು. ಹದದಲ್ಲಿದ್ದರೆ ಚುಕ್ಕೆ ಹಸಿರು, ಏರಿದರೆ ಹಳದಿ, ಇಳಿದರೆ ಕೆಂಪು. ಹಳದಿಗೆ ಯಾರೂ ಓಡುವುದಿಲ್ಲ. ಏರಿದ ಸಕ್ಕರೆ ಮನುಷ್ಯನನ್ನು ವರ್ಷಗಟ್ಟಲೆ ಕುಳಿತು ತಿನ್ನುತ್ತದೆ. ಇಳಿದ ಸಕ್ಕರೆಗೆ ಅಷ್ಟು ಪುರುಸೊತ್ತಿಲ್ಲ. ಕೆಂಪು ಹತ್ತಿದ ಮನೆಗೆ ಬೈಕಿನ ಮೇಲೆ ಹಾರಿ ಹೋಗಿ, ಗ್ಲುಕೋಸ್ ಕುಡಿಸಿ, ಚುಕ್ಕೆ ಹಸಿರಾಗುವ ತನಕ ಕೂತು ಬರಬೇಕು. ಎಂಟನೆಯ ಇಯತ್ತೆಗೇ ಶಾಲೆ ಬಿಟ್ಟ ಯಮನೂರನಿಗೆ ಕಂಪನಿ ಕೊಟ್ಟ ಕೆಲಸ ಅದು.

“ಯಮನ ಹೆಸರು ಇಟ್ಕೊಂಡು ಜೀವ ಉಳಸಾಕ ಹೊಂಟೀಯಲ್ಲೋ!” ಎಂದು ಪಾಳಿಯ ಮುಖ್ಯಸ್ಥ ಹೊಂಬಳ ಸಾಹೇಬರು ದಿನಕ್ಕೊಮ್ಮೆಯಾದರೂ ನಗುತ್ತಿದ್ದರು. ಯಮನೂರು ಎಂಬ ಕ್ಷೇತ್ರಕ್ಕೆ ಹರಕೆ ಹೊತ್ತು ಹಡೆದ ಮಗನಾದ್ದರಿಂದ ಆ ಹೆಸರು ಎಂದು ಅವನು ಮೊದಮೊದಲು ವಿವರಿಸುತ್ತಿದ್ದ. ಆಮೇಲೆ ಹಲ್ಲು ಕಚ್ಚಿ ಸುಮ್ಮನಾಗುವುದನ್ನು ಕಲಿತಿದ್ದ.

“ಯಮನೂರ, ಬಾ ಇಲ್ಲಿ,” ಎಂದಳು ಪರದೆಯ ಮುಂದೆ ಕೂತಿದ್ದ ಶಾಹಿದಾ. ಅವಳ ದನಿಯಲ್ಲಿ ಎಂದಿನ ಚೇಷ್ಟೆ ಇರಲಿಲ್ಲ. “ಇದು ನಿಮ್ಮ ಗಾಡಿಕಾರ ಓಣಿ ಅಲ್ಲೇನು?”

ಹೌದು, ಅದೇ. ನೀರಿನ ಟಾಕಿಯ ಮಗ್ಗುಲಿಗಿದ್ದ ಚುಕ್ಕೆ ಅವನ ಅಕ್ಕ ಫಕೀರವ್ವನದು. ಅದೂ ಕೆಂಪು.

“ಓಣಿಗೆ ಓಣೀನ ಇಳಿಯಾಕತ್ತೈತಿ. ಎಲ್ಲಾರ ಫೋನಿಗೂ ಎಚ್ಚರಿಕಿ ಕಳಿಸೇನಿ, ಸಿಹಿ ಏನರ ಕುಡೀರಿ ಅಂತ. ಕುಡದ್ರ ಏರಬೇಕಲ್ಲ? ಒಂದೀಟು ಏರತಾವ, ಮತ್ತ ದಬ್ಬನ ಬೀಳತಾವ.”

ಅಕ್ಕ ಎಂದರೆ ಯಮನೂರನಿಗೆ ತಾಯಿಯೂ ಅವಳೇ, ತಂದೆಯೂ ಅವಳೇ. ಖಾನಾವಳಿಗಳಿಗೆ ರೊಟ್ಟಿ ಬಡಿದು ಬಡಿದು ಅವನನ್ನು ಸಾಕಿದವಳು. ಸೂಜಿಯ ಕಾಲದಲ್ಲಿ ಪ್ರತಿ ಊಟಕ್ಕೆ ಮೊದಲು ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ಮನೆಯಲ್ಲಿ ಫ್ರಿಜ್ ಇರಲಿಲ್ಲ. ಔಷಧದ ಶೀಶೆಯನ್ನು ಹಸಿಬಟ್ಟೆಯಲ್ಲಿ ಸುತ್ತಿ ನೀರಿನ ಗಡಿಗೆಯ ಬುಡದಲ್ಲಿ ಇಡುತ್ತಿದ್ದಳು. ಆಮೇಲೆ ಸಮಪಾಕದವರು ಬಂದರು. ಸೂಜಿ ಬೇಡ, ಮಾತ್ರೆ ಬೇಡ, ನಿಸರ್ಗದ ದಾರಿ ಸಾಕು ಎಂದರು. ಅವರು ತಂದದ್ದು ಮೊಸರು. ಆ ಮೊಸರಿನಲ್ಲಿ ಒಂದು ಸಣ್ಣ ಜೀವ. ಹೊಟ್ಟೆಗೆ ಹೋದರೆ ಅದು ಕರುಳಿನಲ್ಲಿ ಬೀಡು ಬಿಡುತ್ತದೆ. ಸಕ್ಕರೆ ಏರಿದಾಗ ಇನ್ಸುಲಿನ್ನಿನಂಥ ರಸವನ್ನು ಒಸರಿಸಿ ಇಳಿಸುತ್ತದೆ. ಸಾಕಷ್ಟು ಇಳಿದ ಕೂಡಲೇ ತಾನಾಗಿಯೇ ನಿಲ್ಲಿಸುತ್ತದೆ. ಹಾಗೆ ನಿಲ್ಲಿಸುವ ಗುಣಕ್ಕೆ ನಿಗಾಕೋಣೆಯಲ್ಲಿ ಚಿಲಕ ಎನ್ನುತ್ತಿದ್ದರು. ಚಿಲಕ ಬಿತ್ತೆಂದರೆ ಬಾಗಿಲು ಬಂದ್, ಜೀವ ಸುರಕ್ಷಿತ.

ಅದನ್ನೇ ನೆವ ಮಾಡಿಕೊಂಡು ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ ಸೂಜಿ ನಿಲ್ಲಿಸಿದರು. ಮೊಸರಿನ ಪ್ಯಾಕೆಟ್ಟನ್ನು ದಿನವೂ ಕೊಂಡು ತಿನ್ನಬೇಕು. ಅದರ ಮೂಲೆಯಲ್ಲಿ ಇರುವೆಯಂಥ ಅಕ್ಷರದಲ್ಲಿ ಬರೆದಿತ್ತು: ಹೆಪ್ಪಿಗೆ ಬಳಸಬಾರದು. ಮನೆಗೆ ಮೊಸರು ಕೊಟ್ಟು ಹೆಪ್ಪು ಹಾಕಬೇಡ ಅನ್ನುವುದು, ಬೀಜ ಕೊಟ್ಟು ಬಿತ್ತಬೇಡ ಅಂದ ಹಾಗೆ! ಯಾವ ಮನೆಯ ಹೆಣ್ಣುಮಗಳು ಕೇಳುತ್ತಾಳೆ? ಅಕ್ಕ ಒಂದು ಚಮಚ ಉಳಿಸಿ ಕಾಸಿ ಆರಿಸಿದ ಹಾಲಿಗೆ ಹಾಕಿದಳು. ಪ್ಯಾಕೆಟ್ಟಿನದು ನೀರುನೀರು, ಇದು ಚಮಚ ನಿಲ್ಲುವಷ್ಟು ಗಟ್ಟಿ. ಸಕ್ಕರೆಯೂ ಹದದಲ್ಲೇ ನಿಂತಿತು. ಮಾರನೆಯ ದಿನದಿಂದ ಓಣಿಯ ಬಟ್ಟಲುಗಳು ಅವಳ ಹೊಸ್ತಿಲಿಗೆ ಬರತೊಡಗಿದವು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವುದಿಲ್ಲ. ಹಗಲಲ್ಲಿ ಕೇಳಿದವರಿಗೆ ಇಲ್ಲ ಅನ್ನುವುದಿಲ್ಲ. ಅದು ಆ ಓಣಿಯ ರಿವಾಜು. ನಲ್ಲಿಯ ಜಗಳದಲ್ಲಿ ಮಾತು ಬಿಟ್ಟಿದ್ದ ಎದುರುಮನೆಯ ಕಸ್ತೂರೆವ್ವ ಕೂಡ ಬಟ್ಟಲು ಇಟ್ಟು ಮುಖ ತಿರುಗಿಸಿ ನಿಲ್ಲುತ್ತಿದ್ದಳು. ಅಕ್ಕ ಹೆಪ್ಪು ಹಾಕಿ ಮುಖ ತಿರುಗಿಸಿಯೇ ಬಟ್ಟಲು ಸರಿಸುತ್ತಿದ್ದಳು. ಯಮನೂರ ಅದನ್ನು ನೋಡಿ ನಕ್ಕಿದ್ದ. ಕಂಪನಿಗೆ ಟೋಪಿ ಬಿತ್ತು ಎಂದು ಒಳಗೊಳಗೇ ಹಿಗ್ಗಿದ್ದ.

ಅವನು ಗಾಜಿನ ಕೋಣೆಗೆ ನುಗ್ಗಿದಾಗ ಹೊಂಬಳ ಸಾಹೇಬರು ಬುತ್ತಿ ಬಿಚ್ಚಿದ್ದರು. ಅವರಿಗೂ ಸಕ್ಕರೆ ಇತ್ತು. ಸೆಕೆಗೆ ತುರಿಸುತ್ತದೆ ಎಂದು ಬಿಲ್ಲೆ ಕಿತ್ತು ಮೇಜಿನ ಖಾನೆಯೊಳಗೆ ಒಗೆದು ವಾರವಾಗಿತ್ತು. ಡಬ್ಬಿಯ ಗಟ್ಟಿ ಮೊಸರನ್ನು ಅನ್ನಕ್ಕೆ ಬಡಿಸಿಕೊಳ್ಳುತ್ತ, “ಪ್ಯಾಕೀಟಿನ ಮಸರನ್ನ ನಮ್ಮಾಕಿ ಬಟ್ಟ್ಯಾಗ ಕಟ್ಟಿ ನೀರು ಬಸಿತಾಳ ನೋಡು, ಬೆಣ್ಣಿ ಆದಂಗ ಆಗತೈತಿ,” ಎಂದು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು.

“ಸರ, ನಮ್ಮ ಓಣಿ ಕೆಂಪಾಗೈತ್ರಿ. ಹೊಂಡತೀನಿ.”

“ಕುಂದ್ರು.” ಫೋನು ಕೆಳಗಿಟ್ಟರು. “ಆ ಓಣಿ ಪಟ್ಟಿಯೊಳಗಿಲ್ಲ.”

“ಹಂಗಂದ್ರ?”

“ಪ್ಯಾಕೀಟು ತೊಗೊಳ್ಳೂದು ಬಿಟ್ಟು ಎಷ್ಟೋ ದಿನ ಆತು. ಆದ್ರೂ ಚುಕ್ಕಿ ಹಸರ ಇದ್ವು. ಹ್ಯಾಂಗ? ಮನ್ಯಾಗ ಹೆಪ್ಪು ಹಾಕ್ಯಾರ. ಕರಾರು ಮುರದವರ ಮನಿಗೆ ಓಡೂದು ಬಂದ್ ಅಂತ ಮುಂಜಾನೆ ಮ್ಯಾಲಿಂದ ಹುಕುಂ ಬಂದೈತಿ.”

“ಮಂದಿ ಸಾಯಾಕತ್ತಾರ್ರೀ!”

“ಅದಕ್ಕ ನಾ ಏನ್ ಮಾಡ್ಲಿ? ಅದು ಹೆಪ್ಪಿನ್ಯಾಗ ಬದುಕಬಾರದಾಗಿತ್ತು. ಮಂದಿ ಮನ್ಯಾಗ ಬೆಳಸಬಾರದಂತ, ಎರಡನೇ ಸಲಕ್ಕ ಸಾಯೂ ಹಂಗ ಮಾಡಿ ಬಿಟ್ಟಿದ್ರು. ಅದು ಸಾಯಲಿಲ್ಲ. ಮನಿಯಿಂದ ಮನಿಗೆ ದಾಟಿ ದಾಟಿ ಅದರ ಚಿಲಕ ಅಷ್ಟ ಕಳಚಿ ಬಿದ್ದೈತಿ. ಈಗ ಸಕ್ಕರಿ ಇಳಸಾಕ ಗೊತ್ತು ಅದಕ್ಕ, ನಿಲ್ಲಸಾಕ ಗೊತ್ತಿಲ್ಲ.”

ಅನ್ನ ಕಲಸುತ್ತ ಹೇಳಿದ ಆ ಮಾತು ಯಮನೂರನ ನೆತ್ತಿಗೆ ಬಡಿಯಿತು. ಬಡವರ ಗಡಿಗೆಯಲ್ಲಿ ಸಾಯಲಿ ಎಂದೇ ಮಾಡಿ ಕಳಿಸಿದ ಜೀವ ಸಾಯಲಿಲ್ಲ. ಅದರೊಳಗಿನ ಕರುಣೆಯಷ್ಟೇ ಸತ್ತಿತ್ತು. ಆ ಡಬ್ಬಿಯನ್ನು ಎತ್ತಿ ಸಾಹೇಬರ ಮುಖಕ್ಕೆ ಎರಚಬೇಕೆಂದು ಕೈ ತುರಿಸಿತು. ಆದರೆ ಎರಚುವುದಕ್ಕೂ ಹೊತ್ತು ಬೇಕು. ಅವನು ತಿರುಗಿ ಓಡಿದ.

ಬಾಗಿಲಲ್ಲಿ ಶಾಹಿದಾ ಗ್ಲುಕೋಸ್ ಪೊಟ್ಟಣಗಳ ಚೀಲವನ್ನು ಅವನ ಕೊರಳಿಗೆ ಹಾಕಿದಳು. “ಫೋನು ಕಿವಿಯೊಳಗ ಇಟ್ಕೋ. ನಾ ಇಲ್ಲಿಂದ ಚುಕ್ಕಿ ನೋಡಿ ಹೇಳತಿರ್ತೀನಿ. ಹೋಗು.”

ಓಣಿಯಲ್ಲಿ ನಾಯಿಗಳು ಕೂಡ ಗಟಾರದ ನೆರಳಿಗೆ ಸರಿದಿದ್ದವು. ಕರೆಂಟಿರಲಿಲ್ಲ. ಅಕ್ಕನ ಮನೆಯಿಂದ ಸುಟ್ಟ ವಾಸನೆ ಬರುತ್ತಿತ್ತು. ಹಂಚಿನ ಮೇಲಿನ ರೊಟ್ಟಿ ಇದ್ದಿಲಾಗಿತ್ತು. ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಹಿಟ್ಟು ಮೆತ್ತಿದ ಕೈ ಗಡಗಡ ನಡುಗುತ್ತಿತ್ತು, ಕುಪ್ಪಸವೆಲ್ಲ ಬೆವರಿನಿಂದ ತೊಯ್ದಿತ್ತು.

“ಯಾರಪಾ ನೀ? ಖಾನಾವಳ್ಯಾಂವ ಏನು? ರೊಟ್ಟಿ ಇನ್ನೂ ಆಗಿಲ್ಲ ನಡಿ,” ಎಂದಳು ತೊದಲುತ್ತ.

“ಅಕ್ಕಾ, ನಾನು. ಯಮನೂರ.”

“ಸುಳ್ಳ ಹೇಳಬ್ಯಾಡ. ನಮ್ಮ ತಮ್ಮ ಸಾಲಿಗೆ ಹೋಗ್ಯಾನ.”

ಅವನು ಅವಳ ಪಕ್ಕ ಮಂಡಿಯೂರಿದ. ಗದ್ದ ಹಿಡಿದು ಗ್ಲುಕೋಸಿನ ನೀರನ್ನು ಗುಟುಕು ಗುಟುಕಾಗಿ ಕುಡಿಸಿದ. ಅರ್ಧ ಚೆಲ್ಲಿತು, ಅರ್ಧ ಇಳಿಯಿತು.

“ಏರಾಕತ್ತೈತಿ,” ಎಂದಳು ಕಿವಿಯೊಳಗಿನ ಶಾಹಿದಾ. “ನಲವತ್ತೈದಿತ್ತು. ಈಗ ಅರವತ್ತರ ಹತ್ತಿರ, ಎಪ್ಪತ್ತು ದಾಟಬೇಕು. ಆ ಕಡೆ ಮೂಲಿಮನಿ ಬಸಣ್ಣಜ್ಜಂದು ಭಾಳ ಕೆಳಗೈತಿ, ಅಲ್ಲಿ ಹೋಗು.”

ಎದುರುಮನೆಯ ಕಸ್ತೂರೆವ್ವ ಹೊಸ್ತಿಲಲ್ಲಿ ನಿಂತಿದ್ದಳು. ಅವಳಿಗೆ ಸಕ್ಕರೆ ಇರಲಿಲ್ಲ, ಅವಳ ಗಂಡನಿಗಿತ್ತು; ಅವನು ಫೋನು ಮನೆಯಲ್ಲೇ ಬಿಟ್ಟು ಪರವೂರಿಗೆ ಹೋಗಿದ್ದ. “ನೀ ಹೋಗೋ, ಅಕ್ಕನ ಕಡೆ ನಾ ನೋಡ್ಕೋತೀನಿ,” ಎಂದಳು, ಮಾತು ಬಿಟ್ಟದ್ದನ್ನು ಮರೆತು. “ಇಂಥಾದ್ರಾಗ ಎಂಥಾ ಸಿಟ್ಟೋ ಮಾರಾಯ.”

“ಮನೀ ಮಸರು ಯಾರೂ ಮುಟ್ಟಬ್ಯಾಡ್ರಿ! ಮಸರು ಕೆಟ್ಟೈತಿ! ಮಸರು ತಿನ್ನಬ್ಯಾಡ್ರಿ!” ಎಂದು ಒದರುತ್ತ ಅವನು ಮನೆಯಿಂದ ಮನೆಗೆ ಓಡಿದ. ಎಲ್ಲರೂ ತಲೆಯಾಡಿಸಿದರು. ಆಯ್ತಪಾ, ಮುಟ್ಟಂಗಿಲ್ಲ ಎಂದರು. ಒಬ್ಬ ಮುದುಕಿ ಅವನೆದುರಿಗೇ ಮೊಸರಿನ ಗಡಿಗೆಗೆ ತಟ್ಟೆ ಮುಚ್ಚಿ ಮೇಲೆ ಕಲ್ಲು ಹೇರಿದಳು. ಗ್ಲುಕೋಸ್ ಕುಡಿದವರ ಚುಕ್ಕೆಗಳು ಏರಿದವು. ಅವನಿಗೆ ಉಸಿರು ಬಂದಂತಾಯಿತು.

ಬಸಣ್ಣಜ್ಜನ ಮನೆಗೆ ಅವನು ಮುಟ್ಟುವ ಮೊದಲೇ ಶಾಹಿದಾಳ ದನಿ ಬದಲಾಯಿತು.

“ಯಮನೂರ... ನಿಮ್ಮ ಅಕ್ಕ ಮತ್ತ ಬಿದ್ದಾಳ. ಮೊದಲಿಗಿಂತಾ ಕೆಳಗ. ಕುಡಿಸಿದವರೆಲ್ಲಾರೂ ಬೀಳಾಕತ್ತಾರ.”

“ಮಸರು ತಿಂದಿಲ್ಲ ಯಾರೂ!”

“ನನಗೇನ್ ಗೊತ್ತು? ಬೀಳಾಕತ್ತಾರ.”

ಮುದುಕನ ಮನೆ ಎದುರಿಗೇ ಇತ್ತು. ಅಕ್ಕನ ಮನೆ ಓಣಿಯ ಆ ತುದಿಗೆ. ಯಮನೂರ ಒಂದು ಗಳಿಗೆ ನಡುಬೀದಿಯಲ್ಲಿ ನಿಂತ. ಆಮೇಲೆ ಅಜ್ಜನ ಸೊಸೆಯ ಕೈಗೆ ಎರಡು ಪೊಟ್ಟಣ ತುರುಕಿ, ಅಕ್ಕನ ಕಡೆ ಓಡಿದ.

ಕಸ್ತೂರೆವ್ವ ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತಾಯಿ ಕೂಸಿಗೆ ಕುಡಿಸುವ ಹಾಗೆ, ಲೋಟದಿಂದ ಏನನ್ನೋ ಕುಡಿಸುತ್ತಿದ್ದಳು.

“ಏನದು?”

“ಮಜ್ಜಿಗಿ. ಉಪ್ಪು ಸಕ್ರಿ ಎರಡೂ ಹಾಕೇನಿ. ಬಿಸಿಲಿಗೆ ತಲಿ ತಿರಗಿದವರಿಗೆ ಮತ್ತೇನ್ ಕೊಡತಾರ?”

“ಮಸರು ಬ್ಯಾಡ ಅಂದಿದ್ನೆಲ್ಲಾ!”

“ಮಸರೆಲ್ಲಿ ಕೊಟ್ಟೇನೋ?” ಕಸ್ತೂರೆವ್ವನಿಗೆ ನಿಜಕ್ಕೂ ಸಿಟ್ಟು ಬಂತು. “ಮಜ್ಜಿಗಿ ಕೊಟ್ಟೇನಿ.”

ಯಮನೂರ ಲೋಟ ಕಸಿದುಕೊಂಡ. ಒಳಮೈಗೆ ಬಿಳಿ ಹತ್ತಿಕೊಂಡಿತ್ತು. ತಾನೂ ಈ ಓಣಿಯಲ್ಲೇ ಹುಟ್ಟಿದವನು. ಮೊಸರು ಬೇಡ ಎಂದು ಗಂಟಲು ಹರಿಯುವ ಹಾಗೆ ಒದರುವಾಗ ಅವನ ತಲೆಗೂ ಅದು ಹೊಳೆದಿರಲಿಲ್ಲ. ಮೊಸರು ಊಟ. ಮಜ್ಜಿಗೆ ಊಟವಲ್ಲ, ಬಂದವರಿಗೆ, ಬಿದ್ದವರಿಗೆ, ಬಿಸಿಲಿಗೆ ಬಳಲಿದವರಿಗೆ ಕೊಡುವ ನೀರು. ತಲೆ ತಿರುಗಿದ ಪ್ರತಿಯೊಬ್ಬರೂ ಮಜ್ಜಿಗೆ ಕುಡಿದಿದ್ದರು. ಸಿಹಿ ಕುಡಿಯಿರಿ ಎಂದು ಕಂಪನಿ ಎಚ್ಚರಿಸಿದಾಗ ಅದಕ್ಕೇ ಸಕ್ಕರೆ ಹಾಕಿ ಕುಡಿದಿದ್ದರು. ಸಕ್ಕರೆ ಒಂದು ಕ್ಷಣ ಮೇಲೆತ್ತಿತ್ತು. ಹಿಂದೆಯೇ ಹೋದ ಚಿಲಕವಿಲ್ಲದ ಜೀವ ಹಿಡಿದು ಕೆಳಗೆಳೆದಿತ್ತು. ಎತ್ತಿ ಎತ್ತಿ ಕೆಡವುವ ಆಟ.

ಅಕ್ಕನ ಹಲ್ಲು ಕಚ್ಚಿಕೊಳ್ಳುತ್ತಿತ್ತು. ಅವನು ಗ್ಲುಕೋಸಿನ ಪುಡಿಯನ್ನು ಬೆರಳಿಗೆ ತೆಗೆದುಕೊಂಡು ಅವಳ ಒಸಡಿಗೆ ಸವರಿದ, ಮತ್ತೆ ಸವರಿದ.

“ಮೂವತ್ತೆಂಟು,” ಎಂದಳು ಶಾಹಿದಾ. ಸ್ವಲ್ಪ ತಡೆದು, “ನಲವತ್ತು. ನಲವತ್ತೆರಡು. ಯಮನೂರ, ಏರೀತು, ಆದ್ರ ಮತ್ತ ಬೀಳತೈತಿ. ಹೊಟ್ಟ್ಯಾಗ ಅದು ಇರೂ ತನಕ ಬೀಳತೈತಿ.”

ಸಕ್ಕರೆಯನ್ನು ಎಷ್ಟೆಂದು ಸುರಿಯುವುದು? ತಗಡಿನ ಮೇಲೆ ಮಳೆ ಹುಯ್ದ ಹಾಗೆ, ಸದ್ದು ಮಾಡಿ ಹರಿದುಹೋಗುತ್ತದೆ. ಆಗ ಅವನಿಗೆ ನೆನಪಾದದ್ದು ಸೂಜಿಯ ಕಾಲದ ಅಕ್ಕ. ಸಕ್ಕರೆ ಏರಿಳಿದು ಕಾಡಿದ ದಿನ ಅವಳು ಅನ್ನ ಮುಟ್ಟುತ್ತಿರಲಿಲ್ಲ. ಜೋಳದ ನುಚ್ಚು ಕುದಿಸಿ ಕುಡಿಯುತ್ತಿದ್ದಳು. “ಸಕ್ರಿ ಮ್ಯಾಲ ಒಗದು ಕೈ ಬಿಡತೈತೋ ತಮ್ಮಾ. ಜ್ವಾಳ ಕೈ ಹಿಡಕೊಂಡ ನಡಸತೈತಿ,” ಎನ್ನುತ್ತಿದ್ದಳು. ತರಿತರಿಯಾದ ಕಾಳು ಹೊಟ್ಟೆಯಲ್ಲಿ ತಡವಾಗಿ ಕರಗುತ್ತದೆ. ಗಂಟೆಗಟ್ಟಲೆ ತೊಟ್ಟುತೊಟ್ಟಾಗಿ ರಕ್ತಕ್ಕೆ ಸಕ್ಕರೆ ಬಿಡುತ್ತದೆ. ಆ ಜೀವ ಎಳೆದಷ್ಟೂ ಕೊಡುತ್ತ ಹೋಗುವಂಥದ್ದು ಬೇಕಿತ್ತು.

“ಕಸ್ತೂರೆವ್ವಾ, ನುಚ್ಚು ಐತೇನು?”

“ಒಲಿ ಮ್ಯಾಲ ಕುದ್ದದ್ದ ಐತಿ.”

ಅವಳು ಸೆರಗಿನಲ್ಲಿ ಹಿಡಿದು ಗಡಿಗೆಯನ್ನೇ ಎತ್ತಿ ತಂದಳು. ನೀರು ಹೊಯ್ದು ಅಂಬಲಿಯಾಗಿ ಕಲೆಸಿದಳು. ಕಲೆಸುತ್ತ ಕಲೆಸುತ್ತ ಅವಳ ಎಡಗೈ, ಕಣ್ಣಿಲ್ಲದೆ, ಬುದ್ಧಿಯ ಅಪ್ಪಣೆಯಿಲ್ಲದೆ, ಹುಟ್ಟಿದಾಗಿನಿಂದ ಹೋಗುವ ಹಾಗೆ ಮಜ್ಜಿಗೆಯ ಚೊಂಬಿನ ಕಡೆ ಹೋಯಿತು.

“ಕೈ ತಗೀ!” ಎಂದು ಯಮನೂರ ಕಿರುಚಿದ. ಕಸ್ತೂರೆವ್ವ ಬೆಚ್ಚಿಬಿದ್ದು ತನ್ನ ಕೈಯನ್ನೇ ನೋಡಿಕೊಂಡಳು. ಅದು ಯಾರದೋ ಕೈ ಎಂಬ ಹಾಗೆ ನೋಡಿದಳು. ಆಮೇಲೆ ಎದ್ದು, ಚೊಂಬನ್ನು ಒಯ್ದು ಗಟಾರಕ್ಕೆ ಬೋರಲು ಹಾಕಿದಳು.

ಸಪ್ಪೆ ಅಂಬಲಿಯನ್ನು ಅಕ್ಕನ ತುಟಿಗೆ ಹಿಡಿದು, ನುಂಗಿದ್ದು ಖಾತ್ರಿಯಾದ ಮೇಲೆ ಇನ್ನೊಂದು ಗುಟುಕು ಕೊಡುತ್ತ, ಅವನು ಫೋನಿನಲ್ಲಿ ಹೇಳಿದ: “ಶಾಹಿದಾ, ಮಜ್ಜಿಗಿ. ಎಲ್ಲಾರೂ ಮಜ್ಜಿಗಿ ಕುಡಿಯಾಕತ್ತಾರ. ಬ್ಯಾಡ ಅಂತ ಊರಿಗೆಲ್ಲಾ ಕಳಸು. ಈ ಹೆಪ್ಪು ನಮ್ಮ ಓಣ್ಯಾಗಷ್ಟ ಉಳದಿರಂಗಿಲ್ಲ.”

ಕಿವಿಯೊಳಗೆ ಕುರ್ಚಿ ಸರಿದ ಸದ್ದು. ಹೊಂಬಳ ಸಾಹೇಬರ ದನಿ ದೂರದಿಂದ ಕೇಳಿತು. “ಏನ್ ಕಳಸ್ತೀ? ಮ್ಯಾಲಿನವರ ಅಪ್ಪಣಿ ಇಲ್ಲದ ಒಂದಕ್ಷರ ಹೋಗಬಾರದು. ನಮ್ಮ ಮಸರಿನಿಂದ ಮಂದಿ ಬಿದ್ರು ಅಂತ ನಾವ ಡಂಗುರಾ ಹೊಡಕೊಳ್ಳೂದೇನು? ನೌಕರಿ ಬ್ಯಾಡೇನ್ ನಿನಗ?”

ಶಾಹಿದಾ ಅಂದಳು, ಯಾರಿಗೂ ಅಲ್ಲ, ತನಗೇ ಎಂಬ ಹಾಗೆ: “ನಮ್ಮ ಅಮ್ಮೀನೂ ಈಗ ಮಜ್ಜಿಗಿ ಕುಡಿಯೂ ಹೊತ್ತು.”

ಕೀಲಿಗಳ ಮೇಲೆ ಬೆರಳು ಓಡಿದ ಸದ್ದು. ಸಾಹೇಬರು ಕೂಗಿದ ಸದ್ದು. ಏನೋ ಬಿದ್ದ ಸದ್ದು. ಮರುಕ್ಷಣ ಕಸ್ತೂರೆವ್ವನ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಗಂಡನ ಫೋನು ಗುಂಯ್ ಎಂದಿತು. ಓಣಿಯ ಮನೆಮನೆಯಲ್ಲಿ ಫೋನುಗಳು ಗುಂಯ್ ಎಂದವು. ‘ತಲೆ ತಿರುಗಿದರೆ ಮಜ್ಜಿಗೆ ಕುಡಿಯಬೇಡಿ. ಹೆಪ್ಪು ಹಾಕಿದ ಮೊಸರು, ಮಜ್ಜಿಗೆ ಎರಡೂ ಬೇಡ. ಸಕ್ಕರೆ ನೀರು ಕುಡಿದು, ಹಿಂದೆಯೇ ಜೋಳದ ಅಂಬಲಿ ಸಪ್ಪಗೆ ಕುಡಿಯಿರಿ.’

ಲೈನು ಕಡಿಯಿತು; ಶಾಹಿದಾಳ ದನಿ ಮತ್ತೆ ಬರಲಿಲ್ಲ.

ಅಂಕಿ ಹೇಳುವವರಿಲ್ಲದ ಮೇಲೆ ಅವನಿಗೆ ಉಳಿದದ್ದು ಅಕ್ಕನ ಮುಖವೊಂದೇ. ಬೆವರು ಆರುತ್ತಿದೆಯೇ, ಕೈ ನಡುಗುವುದು ನಿಂತಿತೇ ಎಂದು ನೋಡುತ್ತ, ಕುಡಿಸುತ್ತ ಕೂತ. ಹೊರಗೆ ಮನೆಮನೆಯಲ್ಲಿ ಒಲೆ ಹೊತ್ತಿ, ಓಣಿಯ ತುಂಬ ಕುದಿಯುವ ಜೋಳದ ವಾಸನೆ ಹಬ್ಬಿತು. ಬಿಸಿಲು ಎದುರುಗೋಡೆಯಿಂದ ಇಳಿದು ಹೋಗುವ ಹೊತ್ತಿಗೆ ಅಕ್ಕ ಕಣ್ಣು ಬಿಟ್ಟು ಅವನನ್ನು ದಿಟ್ಟಿಸಿದಳು. ಆಮೇಲೆ ಕಸ್ತೂರೆವ್ವನನ್ನು ದಿಟ್ಟಿಸಿದಳು.

“ಈಕಿ ಯಾಕ ಬಂದಾಳ ನಮ್ಮ ಮನಿಗೆ?” ಎಂದಳು.

ಕಸ್ತೂರೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

ಅದೇ ಹೊತ್ತಿಗೆ ಓಣಿಯ ಆ ತುದಿಯಿಂದ ಇನ್ನೊಂದು ಅಳು ಎದ್ದಿತು. ಬಸಣ್ಣಜ್ಜನ ಸೊಸೆ, ಫೋನು ಗುಂಯ್ ಎನ್ನುವ ಮೊದಲೇ, ಪೊಟ್ಟಣ ಒಡೆದು ಕುಡಿಸಿದ್ದಳು. ಕುಡಿಸಿದ್ದು ಮಜ್ಜಿಗೆಯಲ್ಲಿ ಕಲಸಿ.

ಆ ರಾತ್ರಿ ಓಣಿಯಲ್ಲಿ ಯಾರೂ ಹಾಲಿಗೆ ಹೆಪ್ಪು ಹಾಕಲಿಲ್ಲ.

ಬೆಳಗ್ಗೆ ಹೆಣದ ಮನೆಯ ಮುಂದೆ ಮಂದಿ ಸೇರುತ್ತಿರುವಾಗ, ಯಮನೂರ ಅಕ್ಕನ ಅಂಗಳದಲ್ಲಿ ದೊಡ್ಡ ಬೋಗುಣಿಯ ಅಂಬಲಿಯನ್ನು ತಿರುವುತ್ತ ಕೂತಿದ್ದ. ಕರುಳಿನಿಂದ ಆ ಜೀವ ಪೂರ್ತಿ ತೊಳೆದು ಹೋಗುವ ತನಕ ಓಣಿಗೆ ಇದೇ ಊಟ. ನಡುಬೀದಿಯಲ್ಲಿ ನಿಂತ ಆ ಒಂದು ಗಳಿಗೆ ಕಣ್ಣ ಮುಂದಿಂದ ಸರಿಯಲೊಲ್ಲದು. ಸೊಸೆಯ ಕೈಗೆ ಪೊಟ್ಟಣ ಕೊಟ್ಟು ಓಡಿದ್ದ. ಮಜ್ಜಿಗೆಯ ಮಾತು ಅವಳಿಗೆ ಹೇಳಿರಲಿಲ್ಲ. ಆಗ ಅವನಿಗೇ ಗೊತ್ತಿರಲಿಲ್ಲ. ಚಿಲಕ ಕಳಚಿದ್ದು ಮೊದಲೇ ಗೊತ್ತಿದ್ದವರು ಗಾಜಿನ ಕೋಣೆಯಲ್ಲಿ ಅನ್ನ ಕಲಸುತ್ತ ಕೂತಿದ್ದರು.

ಬಾಗಿಲ ಮುಂದೆ ಒಂದು ಸ್ಕೂಟರ್ ನಿಂತಿತು. ಇಳಿದವರು ಹೊಂಬಳ ಸಾಹೇಬರು. ಬೆಳಗಿನ ತಂಪಿನಲ್ಲೂ ಅವರ ಅಂಗಿ ಬೆನ್ನಿಗೆ ಅಂಟಿತ್ತು. ಸ್ಕೂಟರಿನ ಸ್ಟ್ಯಾಂಡ್ ಹಾಕಲು ಎರಡು ಸಲ ಯತ್ನಿಸಿ, ಆಗದೆ, ಗೋಡೆಗೆ ಆನಿಸಿ ಬಂದರು. ಕೈಯಲ್ಲಿ ಬಟ್ಟೆಯಿಂದ ಮುಚ್ಚಿದ ಒಂದು ಸ್ಟೀಲ್ ಡಬ್ಬಿ.

“ತಮ್ಮಾ,” ಎಂದರು. ಇಷ್ಟು ವರ್ಷ ಆ ಬಾಯಿಂದ ಆ ಮಾತು ಬಂದಿರಲಿಲ್ಲ. “ನಮ್ಮಾಕಿ ಬಟ್ಟ್ಯಾಗ ಕಟ್ಟತಾಳಂತ ತಿಳಕೊಂಡಿದ್ನೆಪ... ಹೆಪ್ಪು ಹಾಕತಿದ್ಲಂತ. ಮಗ್ಗಲ ಮನೀಯಿಂದ ತಂದು. ನಿನ್ನಿ ಆ ಮೆಸೇಜು ನೋಡಿ ಹೇಳಿದ್ಲು. ಸಕ್ರಿ ತಿಂದೆ. ಏರತೈತಿ, ಇಳಿತೈತಿ. ರಾತ್ರಿಯೆಲ್ಲಾ ಹಿಂಗ...”

“ನನ್ನಂಗ ಬೈಕಿನ ಮ್ಯಾಲ ಓಡಾವರನ್ನ ಕರಸ್ಬೇಕಾಗಿತ್ತಲ್ರಿ ಸರ.”

ಸಾಹೇಬರು ಡಬ್ಬಿಯನ್ನು ಎದೆಗೆ ಒತ್ತಿಕೊಂಡರು. ಅವರ ತುಟಿ ಬಿಳಚಿತ್ತು.

“ಯಾಕ್ರಿ? ನಿಮ್ಮ ಹೆಸರು ಪಟ್ಟಿಯೊಳಗ ಇಲ್ಲೇನು?” ಎಂದ ಯಮನೂರ, ಸೌಟನ್ನು ಅಂಬಲಿಯಿಂದ ಎತ್ತಿ ಹಿಡಿದು. ಹೆಣದ ಮನೆಯಿಂದ ಬಂದ ಅಳು ಇಬ್ಬರ ನಡುವೆ ಹಾದುಹೋಯಿತು. ಸೌಟಿನ ಅಂಚಿನಿಂದ ಅಂಬಲಿ ಒಂದೊಂದೇ ಹನಿಯಾಗಿ ಮತ್ತೆ ಬೋಗುಣಿಗೆ ಬೀಳುತ್ತಿತ್ತು. ಸಾಹೇಬರ ಕಣ್ಣು ಆ ಹನಿಗಳ ಮೇಲೆ ನೆಟ್ಟಿತ್ತು. ಅವರ ಕೈಯ ಡಬ್ಬಿ ಕಟಕಟ ನಡುಗುತ್ತಿತ್ತು. ಸೇಡು ತೀರಲು ಯಮನೂರ ಸುಮ್ಮನೆ ಕೂತರೆ ಸಾಕಾಗಿತ್ತು. ಏನೂ ಮಾಡಬೇಕಾಗಿರಲಿಲ್ಲ.

“ಯಾರೋ ಅದು?” ಒಳಗಿನಿಂದ ಅಕ್ಕನ ಸೋತ ದನಿ ಬಂತು. “ಬಾಗಲಿಗೆ ಬಂದವರನ್ನ ನಿಂದರ್ಸಿ ಏನ್ ಮಾತಾಡ್ತೀ?”

ಯಮನೂರ ಎದ್ದ. ಮೊಸರಿನ ಡಬ್ಬಿಯನ್ನು ಅವರ ಕೈಯಿಂದ ಕಿತ್ತುಕೊಂಡು ಗಟಾರದ ಪಕ್ಕ ಇಟ್ಟ. ತಂಬಿಗೆ ನೀರಿಗೆ ಸಕ್ಕರೆ ಕದಡಿ ಅವರ ಕೈಗೆ ಕೊಟ್ಟ. ಆಮೇಲೆ ಬಸಣ್ಣಜ್ಜನಿಗೆ ಮುಟ್ಟದೇ ಹೋದ ಅಂಬಲಿಯನ್ನು ಒಂದು ಪರಿಯಾಣದ ತುಂಬ ಬಗ್ಗಿಸಿ ಮುಂದಿಟ್ಟ.

“ಕುಂದರ್ರಿ. ಸಪ್ಪಗ ಕುಡೀಬೇಕು. ಮಜ್ಜಿಗಿ ಇಲ್ಲ,” ಎಂದ. “ಕುಡದ ಮ್ಯಾಲ ಆ ಮನೀ ಮುಂದ ಹೋಗಿ ಕುಂದ್ರೂಣು. ನಿನ್ನಿ ನನಗ ಹೇಳಿದ್ದು ಅಲ್ಲಿ ಅವರ ಮುಂದನೂ ಹೇಳ್ರಿ. ಚಿಲಕ ಹ್ಯಾಂಗ ಕಳಚ್ತು ಅನ್ನೂದು.”